ಮೂರು ಮತ, ಒಂದು ಮತ

‘ಪರದೇಶಿ’ ಎಂದರೆ ನಮ್ಮ ಆಡುನುಡಿಯಲ್ಲಿ ದಿಕ್ಕುದೆಸೆಯಿಲ್ಲದವನು. ಮಧ್ಯಯುಗದ ಯೂರೋಪಿನಲ್ಲಿ ಕೆಲವು ವಿದ್ಯಾಪೀಠಗಳು ಮಾತ್ರ ಪರದೇಶಿಗೇ ಮೊದಲ ಮಣೆ ಹಾಕಿದ್ದವು. ಬೊಲೋನ್ಯದಲ್ಲಿ ಹೊರನಾಡಿನ ವಿದ್ಯಾರ್ಥಿಗಳೇ ಸಂಘ ಕಟ್ಟಿಕೊಂಡು ಅಧ್ಯಾಪಕರಿಗೆ ಕಟ್ಟಳೆ ವಿಧಿಸುತ್ತಿದ್ದರಂತೆ! ಹೀಗೆ ನಾನಾ ನಾಡಿನವರನ್ನು ಕೂಡಿಸಿಕೊಂಡು ಬೆಳೆದ ಮತ್ತೊಂದು ಪೀಠ, ಪರದೇಶಿ ಯಾರು ಎಂಬ ಪ್ರಶ್ನೆಯಲ್ಲಿ ಸಿಕ್ಕಿಕೊಂಡು ಐದು ಶತಮಾನಗಳಿಗೂ ಮಿಕ್ಕಿ ತೊಳಲಿದ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಪ್ರಾಗ್ ನಗರದ ವಿಶ್ವವಿದ್ಯಾನಿಲಯವನ್ನು 1348ರಲ್ಲಿ ಸ್ಥಾಪಿಸಿದವನು ಬೊಹೀಮಿಯದ ದೊರೆ ನಾಲ್ಕನೆಯ ಚಾರ್ಲ್ಸ್. ಅಲ್ಲಿ ವಿದ್ಯಾರ್ಥಿಗಳೂ ಅಧ್ಯಾಪಕರೂ, ತಾವು ಬಂದ ದಿಕ್ಕಿಗನುಸಾರವಾಗಿ, ಬೊಹೀಮಿಯ, ಬವೇರಿಯ, ಸ್ಯಾಕ್ಸನಿ, ಪೋಲೆಂಡ್ ಎಂಬ ನಾಲ್ಕು ‘ನಾಡು’ಗಳಾಗಿದ್ದರು, ನಾಡಿಗೊಂದು ಮತ. ಈ ವಿಂಗಡಣೆ ಭಾಷೆಯದಲ್ಲ. ಬೊಹೀಮಿಯದ ನಾಡಿನೊಳಗೆ ಜರ್ಮನ್ ಮನೆಮಾತಿನವರೂ ಇದ್ದರು. ಪೋಲೆಂಡಿನ ನಾಡಿನಲ್ಲಂತೂ ಬರಬರುತ್ತ ಸೈಲೀಸಿಯದ ಜರ್ಮನರೇ ಹೆಚ್ಚಾದರು.

ಜಗಳ ಹತ್ತಿದ್ದು ಧರ್ಮಶಾಸ್ತ್ರದಲ್ಲಿ. ಇಂಗ್ಲೆಂಡಿನ ಜಾನ್ ವಿಕ್ಲಿಫನ ವಿಚಾರಗಳು ಅನೇಕ ಚೆಕ್ ಅಧ್ಯಾಪಕರಿಗೆ ಪ್ರಿಯವಾಗಿದ್ದವು. 1403ರಲ್ಲಿ ಅವನ ಹೆಸರಿನ 45 ಸೂತ್ರಗಳು ವಿಚಾರಣೆಗೆ ಬಂದಾಗ ಉಳಿದ ಮೂರು ನಾಡುಗಳು ಸೇರಿ ಅವನ್ನು ಖಂಡಿಸಿದವು. ತಮ್ಮ ನೆಲ, ತಮ್ಮ ದೊರೆ ಕಟ್ಟಿದ ಪೀಠ; ಅಲ್ಲಿಯೇ ತಮ್ಮ ಮಾತು ಮೂರರೆದುರು ಒಂದು! ಚೆಕ್ಕರ ಈ ದೂರು ಸುಳ್ಳೆಂದು ನಾನು ಹೇಳಲಾರೆ.

ಆದರೆ ಪರಿಹಾರ ಬಂದ ಬಗೆಯನ್ನು ನೋಡಿ. ಆಗ ಪೋಪ್ ಪದವಿಗೆ ಇಬ್ಬರು ಹಕ್ಕುದಾರರಿದ್ದರು. ದೊರೆ ವೆನ್ಸೆಸ್ಲಾಸನಿಗೆ ಯಾರ ಪಕ್ಷವನ್ನೂ ಹಿಡಿಯದೆ ತಟಸ್ಥನಾಗುವ ಬಯಕೆ. ಅದಕ್ಕೆ ವಿದ್ಯಾಪೀಠದ ಬೆಂಬಲ ಬೇಕು. ಕೊಡಲು ಸಿದ್ಧವಾಗಿದ್ದುದು ಬೊಹೀಮಿಯದ ನಾಡೊಂದೇ. 1409ರ ಜನವರಿ 18ರಂದು ಕುಟ್ನಾ ಹೋರಾದಿಂದ ಆಜ್ಞೆ ಹೊರಟಿತು: ಇನ್ನು ಮೇಲೆ ಬೊಹೀಮಿಯಕ್ಕೆ ಮೂರು ಮತ, ಉಳಿದವರೆಲ್ಲರಿಗೂ ಸೇರಿ ಒಂದು. ಜರ್ಮನರಿಗೆ ಈ ರಾಜ್ಯದಲ್ಲಿ ನಿವಾಸಿಗಳ ಹಕ್ಕಿಲ್ಲ, ಬೊಹೀಮಿಯದವರೇ ನಿಜವಾದ ವಾರಸುದಾರರು ಎಂಬುದು ಅದರಲ್ಲಿ ಕೊಟ್ಟ ಕಾರಣ. ದೊರೆಗೆ ಬೇಕಾಗಿದ್ದುದು ಬೆಂಬಲ. ಹೇಳಿಕೊಂಡದ್ದು ತಾಯ್ನೆಲದ ಮಾತು. ಪ್ರಾಗಿನಲ್ಲೇ ಹುಟ್ಟಿ ಬೆಳೆದ ಜರ್ಮನ್ ಮನೆಮಾತಿನ ಹುಡುಗ ಯಾವ ಕಡೆಯವನು? ಆಜ್ಞೆ ಅದನ್ನು ಬಿಡಿಸಿ ಹೇಳುವ ಗೋಜಿಗೆ ಹೋಗಲಿಲ್ಲ.

ಜರ್ಮನ್ ಅಧ್ಯಾಪಕರೂ ವಿದ್ಯಾರ್ಥಿಗಳೂ ನೂರಾರು ಮಂದಿ ಗಂಟುಮೂಟೆ ಕಟ್ಟಿದರು. ಅವರಲ್ಲಿ ಅನೇಕರು ಲೈಪ್ಜಿಗ್ ಸೇರಿ, ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲೊಂದು ವಿಶ್ವವಿದ್ಯಾನಿಲಯವೇ ಆಯಿತು. ಪ್ರಾಗಿನಲ್ಲಿ ಯಾನ್ ಹುಸ್ ರೆಕ್ಟರನಾದ. ಪೀಠವೇನೋ ಗೆದ್ದವರ ಕೈಗೆ ಬಂತು. ಯೂರೋಪಿನ ಪೀಠವಾಗಿ ಉಳಿಯಲಿಲ್ಲ. 1415ರಲ್ಲಿ ಕಾನ್‌ಸ್ಟನ್ಸ್ ಸಭೆ ಹುಸನನ್ನು ಸುಡಿಸುವ ಮುನ್ನ ಅವನ ಮೇಲೆ ಬಂದ ಆಪಾದನೆಗಳಲ್ಲಿ, ಜರ್ಮನರನ್ನು ಓಡಿಸಿದನೆಂಬುದೂ ಒಂದು.

ಮುಂದೆ ಹ್ಯಾಬ್ಸ್‌ಬರ್ಗ್ ಅರಸರ ಕಾಲಕ್ಕೆ ಜರ್ಮನ್ ಭಾಷೆಯದೇ ಮೇಲುಗೈಯಾಯಿತು. 1882ರಲ್ಲಿ, ಅಣ್ಣತಮ್ಮಂದಿರು ಮನೆಗೆ ನಡುಗೋಡೆ ಹಾಕಿಸಿದಂತೆ, ವಿದ್ಯಾಪೀಠವನ್ನು ಚೆಕ್, ಜರ್ಮನ್ ಎಂದು ಎರಡು ಮಾಡಿದರು.

ಬೇರೆಯಾದ ಮೇಲಾದರೂ ಪರದೇಶಿಯ ಮಾತು ನಿಂತಿತೇ? 1922ರಲ್ಲಿ ಜರ್ಮನ್ ವಿಶ್ವವಿದ್ಯಾನಿಲಯಕ್ಕೆ ಇತಿಹಾಸಕಾರ ಸಾಮ್ಯುಯೆಲ್ ಸ್ಟೈನ್‌ಹರ್ಟ್ಸ್ ರೆಕ್ಟರಾಗಿ ಆಯ್ಕೆಯಾದರು. ಕಲಿಸಿದ್ದು ಬರೆದದ್ದು ಜರ್ಮನ್. ಹುಟ್ಟಿನಿಂದ ಮಾತ್ರ ಯೆಹೂದ್ಯರು. ಯೆಹೂದ್ಯನನ್ನು ಆರಿಸಿದರೆ ಅವನು ತಾನಾಗಿಯೇ ಒಲ್ಲೆನೆನ್ನುವುದು ಅಲ್ಲಿಯ ವಾಡಿಕೆ. ಇವರು ಒಪ್ಪಿಕೊಂಡರು. ಜರ್ಮನ್ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಬೇಸತ್ತು ರಾಜೀನಾಮೆ ಕೊಟ್ಟರೆ ಸರ್ಕಾರ ಅದನ್ನು ಸ್ವೀಕರಿಸಲಿಲ್ಲ. ಇಪ್ಪತ್ತು ವರ್ಷಗಳ ಮೇಲೆ ಆ ಮುದುಕರು ಟೆರೆಜೀನಿನ ನಾಜಿ ಸೆರೆಯಲ್ಲಿ ತೀರಿಕೊಂಡರು.

ಚೆಕ್ ವಿದ್ಯಾರ್ಥಿಗಳೂ ಹಿಂದೆ ಬೀಳಲಿಲ್ಲ. ಚಾರ್ಲ್ಸನ ಪೀಠದ ಹಳೆಯ ರಾಜದಂಡಗಳೂ ಮುದ್ರೆಗಳೂ ಜರ್ಮನರ ವಶದಲ್ಲಿದ್ದವು. 1920ರ ಕಾನೂನು ಅವು ಚೆಕ್ಕರವೆಂದಿತ್ತು. 1934ರ ನವೆಂಬರಿನಲ್ಲಿ ಅವಕ್ಕಾಗಿ ಎರಡು ಕಡೆಯ ವಿದ್ಯಾರ್ಥಿಗಳೂ ಬೀದಿಯಲ್ಲಿ ಹೊಡೆದಾಡಿದರು. ಕೊನೆಗೆ ಅವು ಚೆಕ್ಕರ ಕೈ ಸೇರಿದವು. ಐದೇ ವರ್ಷ. 1939ರ ನವೆಂಬರ್ 17ರಂದು ನಾಜಿಗಳು ಒಂಬತ್ತು ಮಂದಿಯನ್ನು ಕೊಂದು, ಸಾವಿರಕ್ಕೂ ಹೆಚ್ಚು ಚೆಕ್ ವಿದ್ಯಾರ್ಥಿಗಳನ್ನು ಸಾಕ್ಸನ್‌ಹೌಸನ್ ಶಿಬಿರಕ್ಕೆ ಸಾಗಿಸಿ, ಚೆಕ್ ವಿದ್ಯಾಪೀಠಗಳ ಬಾಗಿಲು ಹಾಕಿದರು. 1945ರಲ್ಲಿ ಜರ್ಮನ್ ವಿಶ್ವವಿದ್ಯಾನಿಲಯ ರದ್ದಾಯಿತು. ಆ ರಾಜದಂಡಗಳು ಅದೇ ವರ್ಷ, ಯುದ್ಧದ ಕೊನೆಯ ಗದ್ದಲದಲ್ಲಿ ಕಾಣೆಯಾದವು; ಇಂದಿಗೂ ಸಿಕ್ಕಿಲ್ಲ.