ಎರಡು ಹಾಳೆಯ ಸಾಕ್ಷ್ಯ: ಜ್ಯಾಕ್ ಕಿರ್ಬಿ ಮತ್ತು ‘ಫ್ಯಾಂಟಾಸ್ಟಿಕ್ ಫೋರ್’ ಕರ್ತೃತ್ವ

ಅಮೆರಿಕದ ಕಾಮಿಕ್ಸ್ ಚರಿತ್ರೆ ಬರೆದವರಲ್ಲಿ ಅನೇಕರು ಜ್ಯಾಕ್ ಕಿರ್ಬಿಯವರ ಕುಂಚವನ್ನು ಬಾಯ್ತುಂಬ ಹೊಗಳಿ, ಕತೆಗಾರನ ಪೀಠವನ್ನು ಮಾತ್ರ ಮಾರ್ವೆಲ್ ಕಂಪನಿಯ ಸಂಪಾದಕ ಸ್ಟ್ಯಾನ್ ಲೀಗೆ ಬಿಟ್ಟುಕೊಡುತ್ತಾರೆ. ‘ಫ್ಯಾಂಟಾಸ್ಟಿಕ್ ಫೋರ್’ ಮೊದಲ ಸಂಚಿಕೆಯ (ನವೆಂಬರ್ 1961) ಮಟ್ಟಿಗೆ ಅವರ ಮುಖ್ಯ ಆಧಾರ, ಲೀ ಟೈಪ್ ಮಾಡಿದ ಎರಡು ಹಾಳೆಯ ಕಥಾಸಾರಾಂಶ. ಕಾಗದವಿದೆ, ಆದ್ದರಿಂದ ಕಲ್ಪನೆ ಲೀಯದೇ ಎಂಬುದು ವಾದ. ಆ ಕಾಗದವನ್ನು ಅವರು ಪೂರ್ತಿ ಓದಿದಂತೆ ಕಾಣುವುದಿಲ್ಲ.

ಉಳಿದುಬಂದಿರುವ ಹಾಳೆಗಳಲ್ಲಿ ನಾಲ್ವರು ನಾಯಕರಿಗೆ ಶಕ್ತಿ ಬಂದ ವೃತ್ತಾಂತವಷ್ಟೇ ಇದೆ. ಖಳನಾಯಕ ಮೋಲ್ ಮ್ಯಾನ್ ಎದುರಾಗುವ ಉತ್ತರಾರ್ಧವಿಲ್ಲ. ಸಾರಾಂಶದ ಸೂಸನ್ ಒಮ್ಮೆ ಅದೃಶ್ಯಳಾದ ಮೇಲೆ ಮತ್ತೆ ಕಾಣಿಸಿಕೊಳ್ಳಲಾರಳು; ಅಚ್ಚಾದ ಕತೆಯಲ್ಲಿ ಅವಳು ಬೇಕೆಂದಾಗ ಮರೆಯಾಗಿ ಬೇಕೆಂದಾಗ ಪ್ರತ್ಯಕ್ಷಳಾಗುತ್ತಾಳೆ. ಬೆಂಕಿಯ ಹುಡುಗ ಜಾನಿ ಮನುಷ್ಯರನ್ನು ಸುಡಕೂಡದು, ಹಗ್ಗ, ಬಾಗಿಲುಗಳನ್ನು ಸುಡಬಹುದು ಎಂದು ಉದ್ಯಮದ ಸೆನ್ಸಾರ್ ಸಂಸ್ಥೆಯಾದ ಕಾಮಿಕ್ಸ್ ಕೋಡ್‌ನವರು ಹೇಳಿದ ನಿಯಮವನ್ನೂ ಲೀ ಅಲ್ಲಿ ನಮೂದಿಸಿದ್ದಾರೆ. ಅಂದರೆ ಹಾಳೆ ಟೈಪಾಗುವ ಮೊದಲೇ ಈ ಪಾತ್ರದ ಸುದ್ದಿ ಕಚೇರಿಯ ಹೊರಗೂ ಹೋಗಿತ್ತು. ಇನ್ನೊಂದೆಡೆ, ಈ ಬಗ್ಗೆ ನನ್ನ ಹತ್ತಿರ ಮಾತಾಡು, ಬೇಕಾದರೆ ಬದಲಿಸೋಣ ಎಂಬ ಅರ್ಥದಲ್ಲಿ ಜ್ಯಾಕ್‌ರನ್ನೇ ನೇರವಾಗಿ ಸಂಬೋಧಿಸುತ್ತಾರೆ. ನಡೆಯುತ್ತಿದ್ದ ಮಾತುಕತೆಯ ನಡುವಿನ ಟಿಪ್ಪಣಿ ಇದು. ಮಾತು ಮೊದಲು ಯಾರ ಬಾಯಿಂದ ಹೊರಟಿತೆಂದು ಈ ಹಾಳೆ ಹೇಳುವುದಿಲ್ಲ.

ಹಾಗೆಂದು ಇದನ್ನು ನಕಲಿ ಎಂದು ತಳ್ಳಿಹಾಕುವ ಕಿರ್ಬಿ ಅಭಿಮಾನಿಗಳದೂ ಆತುರವೇ. ಅಂಥದ್ದನ್ನು ತಾವು ನೋಡಿಯೇ ಇಲ್ಲವೆಂದು ಕಿರ್ಬಿ 1990ರ ‘ಕಾಮಿಕ್ಸ್ ಜರ್ನಲ್’ ಸಂದರ್ಶನದಲ್ಲಿ ಸಿಟ್ಟಿನಿಂದ ಹೇಳಿದ್ದು ನಿಜ; ಆದರೆ ಮೂರು ದಶಕದ ಹಿಂದಿನ ನೆನಪಿಗಿಂತ, ಹಾಳೆಯೊಳಗಿನ ಪುರಾವೆ ಅವರ ಪಕ್ಷಕ್ಕೆ ಹೆಚ್ಚು ಬಲ ಕೊಡುತ್ತದೆ.

ಹೊರಗಿನ ಪುರಾವೆಗಳೂ ಇವೆ. 1957ರಲ್ಲೇ ಕಿರ್ಬಿ ಚಿತ್ರಿಸಿದ್ದ ‘ಚಾಲೆಂಜರ್ಸ್ ಆಫ್ ದಿ ಅನ್‌ನೋನ್’ ವಿಮಾನ ಅಪಘಾತದಲ್ಲಿ ಬದುಕುಳಿದ ನಾಲ್ವರ ಕತೆ. 1961ರ ‘ಫ್ಯಾಂಟಾಸ್ಟಿಕ್ ಫೋರ್’ ಕತೆಯಲ್ಲಿ ವಿಮಾನದ ಜಾಗಕ್ಕೆ ರಾಕೆಟ್ ಬಂತು. ಮೊದಲ ಸಂಚಿಕೆಯ ಆರಂಭದ ಪುಟದಲ್ಲಿ ಲೀ, ಕಿರ್ಬಿ ಇಬ್ಬರ ಹೆಸರೂ ಜೊತೆಯಾಗಿವೆ. ಯಾರು ಏನು ಮಾಡಿದರೆಂಬ ವಿಂಗಡಣೆಯಿಲ್ಲ. ಮುಂದಿನ ವರ್ಷಗಳ ಮೂಲ ಚಿತ್ರಫಲಕಗಳ ಅಂಚಿನಲ್ಲಿ ಪ್ರತಿ ಚೌಕದ ಘಟನೆಯನ್ನು ಕಿರ್ಬಿ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದಾರೆ. ಲೀ ಸಂಭಾಷಣೆ ತುಂಬಿದ್ದು ಆಮೇಲೆ. ಇದೇ ಸರಣಿಯ 1966ರ ಗ್ಯಾಲಕ್ಟಸ್ ಕತೆಯಲ್ಲಿ ಹೊಸ ಪಾತ್ರವಾದ ಸಿಲ್ವರ್ ಸರ್ಫರ್‌ನನ್ನು ತಮಗೆ ತಿಳಿಸದೆಯೇ ಕಿರ್ಬಿ ಬರೆದುತಂದರೆಂದು ಸ್ವತಃ ಲೀ ಹಲವು ಬಾರಿ ಹೇಳಿಕೊಂಡಿದ್ದಾರೆ. ಇದನ್ನು ಒಂದು ಸಾಲಿನಲ್ಲಿ ದಾಟಿಹೋಗುವ ಚರಿತ್ರಕಾರರ ಧೋರಣೆ ಒಪ್ಪತಕ್ಕದ್ದಲ್ಲ.

ಮಾರ್ವೆಲ್ ಜೊತೆಗಿನ ಮೊಕದ್ದಮೆಯಲ್ಲಿ ಕಿರ್ಬಿ ವಾರಸುದಾರರ ವಿರುದ್ಧ 2011ರಲ್ಲಿ ಬಂದ ತೀರ್ಪನ್ನು ಲೀ ಪಕ್ಷದವರು ಈಗಲೂ ಮುಂದಿಡುತ್ತಾರೆ. ಅಲ್ಲಿ ನಿರ್ಧಾರವಾದದ್ದು ಆ ಚಿತ್ರಗಳು ಕಂಪನಿಗಾಗಿ ಮಾಡಿದ ಕೆಲಸವೇ ಎಂಬ ಹಕ್ಕುಸ್ವಾಮ್ಯದ ಪ್ರಶ್ನೆ. ನಿಜವಾದ ಸೃಷ್ಟಿಕರ್ತ ಯಾರೆಂಬುದು ತಮ್ಮ ಮುಂದಿರುವ ವಿಷಯವಲ್ಲ ಎಂದು ನ್ಯಾಯಾಧೀಶರೇ ಸ್ಪಷ್ಟಪಡಿಸಿದ್ದರು. 2014ರ ಸೆಪ್ಟೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ಪ್ರಕರಣವನ್ನು ಪರಿಶೀಲಿಸುವ ಮೊದಲೇ, ಎರಡೂ ಕಡೆಯವರು ರಾಜಿಯಾದರು.