ಮುರಿದ ಪಿನ್ನಿನ ಚರಿತ್ರೆ

ಕುಪ್ಪಳ್ಳಿಗೆ ಬರುವವರು ಕವಿಮನೆ ನೋಡ್ತಾರೆ, ಕವಿಶೈಲ ಹತ್ತಿ ಫೋಟೋ ತೆಗೀತಾರೆ, ಹೊರಡ್ತಾರೆ. ಆದರೆ ಸುತ್ತಲಿನ ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿಗಳಲ್ಲಿ ಇನ್ನೊಂದು ಚರಿತ್ರೆ ಕೊಟ್ಟಿಗೆಯ ಹಿಂದೆ ತುಕ್ಕು ಹಿಡಿದು ಕೂತಿರುತ್ತೆ. ಅದು ಕಬ್ಬಿಣದ ಗಾಣ. ಅಂಥ ಯಂತ್ರ ಮೂಲೆ ಸೇರೋದಕ್ಕೆ ದೊಡ್ಡ ಕಾರಣವೇ ಬೇಕಿಲ್ಲ. ಹಲ್ಲಿನ ಚಕ್ರವನ್ನು ಶಾಫ್ಟಿಗೆ ಹಿಡಿದಿಡುವ ಪೆನ್ಸಿಲ್ ಗಾತ್ರದ ಪಿನ್ನು ತುಂಡಾಗಿ ಒಳಗೇ ಕಚ್ಚಿಕೊಂಡರೆ ಸಾಕು.

ಹಿಂದೆ ಗಾಣ ಮರದ್ದಾಗಿತ್ತು. ಕೋಣ ಸುತ್ತು ಹಾಕಿದಂತೆ ಮರದ ಕಣೆಗಳು ತಿರುಗಿ ಕಬ್ಬಿನ ಹಾಲು ಇಳೀತಿತ್ತು. ಬೆಣೆ ಮುರಿದರೆ ಆಚಾರಿ ಅಲ್ಲೇ ಕಾಡಿನ ಗಟ್ಟಿ ಮರ ಕೆತ್ತಿ ಹೊಸದು ಜಡೀತಿದ್ದ. ಸ್ಪೇರ್ ಪಾರ್ಟ್ ಅಂಗಡಿ ಅಂದರೆ ಕಾಡೇ.

1870ರ ದಶಕದಲ್ಲಿ ಬಿಹಾರದ ಬಿಹಿಯಾದಲ್ಲಿ ಥಾಮ್ಸನ್ ಮತ್ತು ಮಿಲ್ನ್ ಎಂಬ ಇಬ್ಬರು ಎತ್ತು ಎಳೆಯುವ ಕಬ್ಬಿಣದ ಗಾಣ ತಯಾರಿಸಿದರು. ಅದು ಬಿಹಿಯಾ ಗಾಣ ಅಂತಲೇ ಹೆಸರಾಗಿ ದೇಶದಲ್ಲೆಲ್ಲ ಹಬ್ಬಿತು. ಹೆಚ್ಚುಕಡಿಮೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಕಾಲವೂ ಅದೇ. ಸೈಕಲ್ ನೋಡಿ ಜನ ಬೆರಗಾಗೋ ಆ 19ನೇ ಶತಮಾನದ ಕೊನೆಯ ಮಲೆನಾಡು. ಕಬ್ಬಿಣದ ಗಾಣದಲ್ಲಿ ರಸ ಹೆಚ್ಚು ಸಿಗ್ತಿತ್ತು. ಆದರೆ ಒಂದು ಮಾತು ಯಾರೂ ಗಟ್ಟಿಯಾಗಿ ಹೇಳಲಿಲ್ಲ: ರಿಪೇರಿ ಊರಿನ ಕೈ ತಪ್ಪಿ, ಲೇಥ್ ಇರುವ ಪೇಟೆಗೆ ಹೋಯ್ತು.

ಆಮೇಲೆ ಬಂತು ಅಳತೆಯ ಪೇಚು. ಹಳೆಯ ಯಂತ್ರಗಳು ಇಂಚಿನವು. ಭಾರತ 1956ರಲ್ಲಿ ಕಾಯ್ದೆ ಮಾಡಿ ಮೆಟ್ರಿಕ್ ಪದ್ಧತಿಗೆ ಬಂತು, 1957ರಲ್ಲಿ ನಯಾ ಪೈಸೆಯೂ ಬಂತು. ಕಾಲು ಇಂಚು ಅಂದರೆ 6.35 ಮಿ.ಮೀ. ಇವತ್ತು ಅಂಗಡಿಯವನು ಕೊಡೋದು 6 ಮಿ.ಮೀ. ಪಿನ್ನು. ನಡುವಿನ 0.35 ಮಿ.ಮೀ. ಸಂದಿಯಲ್ಲಿ ಚಕ್ರ ಅಲ್ಲಾಡಿ, ಹೊಸ ಪಿನ್ನೂ ಪಟ್ ಅಂತ ಮುರಿಯುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಪಕ್ಕಾ ವರ್ಷನ್ ಮಿಸ್‌ಮ್ಯಾಚ್.

ಹಾಗಾದರೆ ಮುರಿದದ್ದನ್ನು ತೆಗೆಯೋದು ಹೇಗೆ? ಸುತ್ತಿಗೆ ಎತ್ತೋ ಮುಂಚೆ ಎರಡೂ ತುದಿ ಅಳೀಬೇಕು. ಎಷ್ಟೋ ಪಿನ್ನುಗಳು ಒಂದು ಕಡೆ ಸಣ್ಣಗೆ ಇರ್ತವೆ. ಇಂಚಿನ ಪದ್ಧತಿಯಲ್ಲಿ ಅಡಿಗೆ ಕಾಲು ಇಂಚು, ಮೆಟ್ರಿಕ್‌ನಲ್ಲಿ 50ಕ್ಕೆ 1ರಷ್ಟು ಇಳಿಜಾರು. ಸಣ್ಣ ತುದಿಯಿಂದ ಹೊಡೆದರೆ ಮಾತ್ರ ಹೊರಗೆ ಬರುತ್ತೆ. ದಪ್ಪ ತುದಿಯಿಂದ ಹೊಡೆದರೆ ಇನ್ನೂ ಬಿಗಿಯಾಗುತ್ತೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತೆ, ಅದಕ್ಕೇ ಅದು ತಾನೇ ಬೆಣೆಯಾಗಿ ಕೂತಿರುತ್ತೆ. ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿ, ಎಣ್ಣೆ ಒರೆಸಿ ಒಣಗಿದ ಮೇಲೆ ಪಿನ್ನಿಗಲ್ಲ, ಅದರ ಸುತ್ತಲಿನ ಚಕ್ರದ ಗುಂಬಕ್ಕೆ ಶಾಖ ಕೊಡ್ತಾರೆ. 10 ಮಿ.ಮೀ. ತೂತು ಪಿನ್ನಿಗಿಂತ 200 ಡಿಗ್ರಿ ಹೆಚ್ಚು ಕಾದರೆ ಹಿಗ್ಗೋದು ಸುಮಾರು 0.02 ಮಿ.ಮೀ., ಕೂದಲೆಳೆಗಿಂತ ಕಮ್ಮಿ. ತುಕ್ಕಿನ ಹಿಡಿತ ಬಿಡಿಸೋಕೆ ಅನೇಕ ಸಲ ಅಷ್ಟೇ ಸಾಕು.

ಹೊಡೆಯುವಾಗ ಹಿಂದೆ ಭಾರದ ಆಸರೆ ಬೇಕು. ಎರಕದ ಕಬ್ಬಿಣ ಬಾಗೋದಿಲ್ಲ, ಸೀಳುತ್ತೆ. 100 ರೂಪಾಯಿ ಪಿನ್ನಿಗಾಗಿ ಇಡೀ ಚಕ್ರ ಹೋದ ಹಾಗಾಗುತ್ತೆ. ಆಗಲೂ ಜಗ್ಗದಿದ್ದರೆ ನಟ್ಟನಡುವೆ ಗುರುತು ಮಾಡಿ ಸಣ್ಣ ಬಿಟ್ಟಿನಿಂದ ಕೊರೆದು, ಹಂತಹಂತವಾಗಿ ತೂತು ದೊಡ್ಡದು ಮಾಡಿ, ಉಳಿದ ತೆಳು ಸಿಪ್ಪೆಯನ್ನು ಒಳಕ್ಕೆ ಮಡಚಿ ತೆಗೀಬೇಕು.

ಇಷ್ಟಾದ ಮೇಲೆ ಬರೋ ದೊಡ್ಡ ಆಸೆ ಅಂದರೆ ‘ಈ ಸಲ ಮುರಿಯದಂಥ ಗಟ್ಟಿ ಪಿನ್ನು ಹಾಕಿಬಿಡೋಣ’ ಅನ್ನೋದು. ಬೇಡ. ಕೆಲವು ಪಿನ್ನುಗಳನ್ನು ಮುರಿಯಲೆಂದೇ ಮೆತ್ತಗೆ ಮಾಡಿರ್ತಾರೆ. ಕಬ್ಬಿನ ಜೊತೆ ಕಲ್ಲು ಸಿಕ್ಕಿಕೊಂಡಾಗ ಅದು ಮುರಿದು ಚಕ್ರದ ಹಲ್ಲು, ಶಾಫ್ಟು ಉಳೀತವೆ. ಮನೆಯ ಕರೆಂಟಿನ ಫ್ಯೂಸ್ ಇದ್ದ ಹಾಗೆ.

ಮ್ಯೂಸಿಯಂ ಗಾಣವನ್ನು ಕಾಪಾಡಬಹುದು. ಎಲ್ಲಿ ಹೊಡೀಬೇಕು, ಎಲ್ಲಿ ಕಾಯಿಸಬೇಕು, ಯಾವುದು ಮುರಿಯಲಿ ಅಂತ ಬಿಡಬೇಕು ಅನ್ನೋ ತಿಳುವಳಿಕೆ ಮಾತ್ರ ವಯಸ್ಸಾದ ಕೆಲವು ಕಮ್ಮಾರರ, ವೆಲ್ಡಿಂಗ್ ಶಾಪಿನವರ ಕೈಯಲ್ಲಿದೆ. ಅದಕ್ಕೆ ಬ್ಯಾಕಪ್ ಇಲ್ಲ. ಊರಿನ ಗಾಣವನ್ನು ಕೆಜಿ ಲೆಕ್ಕದಲ್ಲಿ ಗುಜರಿಗೆ ಹಾಕೋ ಮುಂಚೆ ಅಂಥ ಒಬ್ಬರನ್ನು ಕರೆಸಿ, ಪಕ್ಕದಲ್ಲಿ ಕೂತು ನೋಡಿ. ಬೆಲ್ಲ ಆಮೇಲೆ ಕಾಯಿಸಬಹುದು.