ಉಪ್ಪುನೀರಿನ ಫ್ಲೈಗೆ ಸರ್ಕಲ್ ಹುಕ್

ಮಾಮೂಲಿ ಗಾಳ ಇಂಗ್ಲಿಷಿನ ‘ಜೆ’ ಅಕ್ಷರದಂತಿರುತ್ತದೆ; ಮೊನೆ ಕಡ್ಡಿಗೆ ಸಮಾನಾಂತರ. ಸರ್ಕಲ್ ಹುಕ್ಕಿನ ಮೊನೆ ಒಳಕ್ಕೆ ಬಾಗಿ ಕಡ್ಡಿಯನ್ನೇ ನೋಡುತ್ತಿರುತ್ತದೆ. ಇದನ್ನು ಹೆಚ್ಚಾಗಿ ಬಳಸುವುದು ನಿಜವಾದ ಎರೆಗೆ. ಕೂದಲು, ಪುಕ್ಕ, ನೂಲು ಸುತ್ತಿ ಮಾಡುವ ಹುಸಿ ಎರೆಗೆ, ಅಂದರೆ ಫ್ಲೈಗೆ, ಇದನ್ನು ಬಳಸಬೇಕಾದರೆ ಕಟ್ಟುವ ಕ್ರಮವೂ ಹಿಡಿಯುವ ಕ್ರಮವೂ ಬದಲಾಗಬೇಕು.

ಕೆಲಸ ಮಾಡುವ ಬಗೆ

ಮೀನು ಎರೆ ನುಂಗಿ ತಿರುಗಿದಾಗ ದಾರ ಬಿಗಿಯಾಗುತ್ತದೆ. ಗಾಳ ಸಾಮಾನ್ಯವಾಗಿ ಗಂಟಲನ್ನು ಚುಚ್ಚದೆ ಜಾರಿ ಬಂದು, ಬಾಯಿಯ ಮೂಲೆಯಲ್ಲಿ ದವಡೆಯಂಚು ಸಿಕ್ಕೊಡನೆ ಹೊರಳಿ ಕಚ್ಚಿಕೊಳ್ಳುತ್ತದೆ. ದೋಟಿಯ ಕೊಕ್ಕೆ ಕೊಂಬೆಯುದ್ದಕ್ಕೂ ಜಾರಿ ಕವಲಿನಲ್ಲಿ ಸಿಕ್ಕಿಕೊಳ್ಳುವುದೂ ಹೀಗೆಯೇ. ಒಳಗಿನ ಅಂಗಗಳಿಗೆ ಗಾಯ ಕಡಿಮೆಯಾದ್ದರಿಂದ, ಹಿಡಿದು ಬಿಟ್ಟ ಮೀನು ಬದುಕುವ ಸಾಧ್ಯತೆ ಹೆಚ್ಚು.

ಹಿನ್ನೆಲೆ

ಪೆಸಿಫಿಕ್ ದ್ವೀಪಗಳ ಜನ ಮೂಳೆ, ಚಿಪ್ಪುಗಳಿಂದ ಇಂಥ ಒಳಬಾಗಿದ ಗಾಳಗಳನ್ನು ಹಿಂದೆಯೇ ಮಾಡುತ್ತಿದ್ದರು. 1980ರ ದಶಕದ ಆರಂಭದಲ್ಲಿ ಉತ್ತರ ಪೆಸಿಫಿಕ್‌ನ ಹಾಲಿಬಟ್ ಮೀನುಗಾರರು ಇವಕ್ಕೆ ಬದಲಾದರು. ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ಬಿಲ್‌ಫಿಶ್ ಪಂದ್ಯಗಳಿಗೆ 2008ರಿಂದ, ಸ್ಟ್ರೈಪ್ಡ್ ಬಾಸ್ ಹವ್ಯಾಸಿಗಳಿಗೆ 2021ರಿಂದ ಇವು ಕಡ್ಡಾಯ. ಎರಡೂ ನಿಯಮ ನೈಸರ್ಗಿಕ ಎರೆಗೆ ಸಂಬಂಧಿಸಿದವು. ಫ್ಲೈಗೆ ಇದು ಹಿಡಿಯುವವರ ಸ್ವಂತ ಆಯ್ಕೆ.

ಕಟ್ಟುವಾಗ

ಮೊದಲು ಗಾಳವನ್ನು ಮೇಜಿನ ಮೇಲೆ ಮಲಗಿಸಿ ನೋಡಬೇಕು. ಸಪಾಟಾಗಿ ಕೂತರೆ ಸರಿ. ಮೊನೆ ಪಕ್ಕಕ್ಕೆ ಓರೆಯಾಗಿದ್ದರೆ ಆಳಕ್ಕೆ ಚುಚ್ಚುವ ಅಪಾಯ ಹೆಚ್ಚುತ್ತದೆ. ಮೊನೆಗೂ ಕಡ್ಡಿಗೂ ನಡುವಿನ ಬಾಯಿ ಕಿರಿದಾದ್ದರಿಂದ ವಾಡಿಕೆಗಿಂತ ಒಂದೆರಡು ಅಳತೆ ದೊಡ್ಡದನ್ನು ಆರಿಸುತ್ತಾರೆ.

ಲೆಫ್ಟಿ ಕ್ರೆ 1950ರ ದಶಕದಲ್ಲಿ ರೂಪಿಸಿದ ‘ಡಿಸೀವರ್’ ಫ್ಲೈಯನ್ನೇ ತೆಗೆದುಕೊಳ್ಳಿ. ಅದರ ಉದ್ದ ಪುಕ್ಕಗಳು ಕಡ್ಡಿಯ ಹಿಂತುದಿಯಲ್ಲಿ, ಜಿಂಕೆಬಾಲದ ಕೂದಲು ದಾರ ಕಟ್ಟುವ ಕಣ್ಣಿನ ಹತ್ತಿರ ಬರುತ್ತವೆ. ಸರ್ಕಲ್ ಹುಕ್ಕಿನ ನೇರ ಕಡ್ಡಿ ಗಿಡ್ಡ. ಅಷ್ಟರಲ್ಲೇ ಎಲ್ಲವನ್ನೂ ಮುಗಿಸಬೇಕು; ಬಾಗಿದ ಭಾಗಕ್ಕೆ ಏನೂ ಇಳಿಯಬಾರದು. ಕಟ್ಟಿದ ಮೇಲೆ ನೀರಲ್ಲಿ ಅದ್ದಿ ಎತ್ತಿದಾಗ, ಮೊನೆಗೂ ಕಡ್ಡಿಗೂ ನಡುವೆ ಬೆಳಕು ಕಾಣಬೇಕು. ಕೂದಲು ಅಡ್ಡ ಬಂದರೆ ದವಡೆಯಂಚು ಒಳಗೆ ಹೋಗಲು ದಾರಿಯಿರುವುದಿಲ್ಲ.

ಮೀನು ಕಚ್ಚಿದಾಗ

ಅಭ್ಯಾಸವಾದ ಕೈ ಜಗ್ಗನೆ ಎಳೆಯುತ್ತದೆ, ಇಲ್ಲವೇ ಕೋಲನ್ನು ಮೇಲೆತ್ತುತ್ತದೆ. ಹಾಗೆ ಮಾಡಿದರೆ ಗಾಳ ಬರಿಗಾಳವಾಗಿ ಹೊರಬರುವುದೇ ಹೆಚ್ಚು. ಕೋಲು ತಗ್ಗಿಸಿಟ್ಟು, ದಾರವನ್ನು ಮೊದಲಿನ ನಿಧಾನದಲ್ಲೇ ಎಳೆಯುತ್ತಿರಬೇಕು. ಭಾರ ಬಿದ್ದು ಮೀನು ತಿರುಗಿದ ಮೇಲಷ್ಟೇ ಕೋಲಿಗೆ ಕೆಲಸ.

ಮಿತಿಗಳು

ಕಚ್ಚಿದ ಮೀನು ತಿರುಗದೆ ನೇರ ನಮ್ಮತ್ತಲೇ ಈಜಿ ಬಂದರೆ ಗಾಳ ಹೊರಳುವುದಿಲ್ಲ. ವೇಗವಾಗಿ ಎಳೆಯುವ ಫ್ಲೈಯನ್ನು ಮೀನು ಆಳಕ್ಕೆ ನುಂಗುವುದೇ ಅಪರೂಪ. ಅಲ್ಲಿ ಇದರ ಲಾಭ ಸಣ್ಣದು. ಹರಿವಿನಲ್ಲಿ ಫ್ಲೈ ಸುಮ್ಮನೆ ತೇಲುವಾಗ ಇದರ ಬೆಲೆ ತಿಳಿಯುತ್ತದೆ. ಆಗ ಮೀನಿನ ಬಾಯಿಯ ಮೂಲೆಯಲ್ಲೇ ಗಾಳ ಕಣ್ಣಿಗೆ ಬೀಳುತ್ತದೆ. ಅದು ಹೊಕ್ಕ ದಾರಿಯಲ್ಲೇ ಹಿಂದಕ್ಕೆ ಹೊರಳಿಸಿದರೆ ಬಿಟ್ಟುಬರುತ್ತದೆ.